ಕೇಳಿದ ಹೆಣ್ಣುಮಕ್ಕಳು

ನಮ್ಮ ಊರಿನ ದೇವಾಲಯದಲ್ಲಿ ವರ್ಷಕ್ಕೊಮ್ಮೆ ಸ್ತ್ರೀಯರ ಭಾನುವಾರವನ್ನು ಆಚರಿಸುವ ವಾಡಿಕೆಯುಂಟು. ಅಂದಿನ ಪ್ರಸಂಗ ಬೈಬಲಿನ ಸ್ತ್ರೀಯರನ್ನು ಕುರಿತದ್ದು. ನನಗೆ ತಿಳಿವಳಿಕೆ ಬಂದಂದಿನಿಂದ ಈ ಪ್ರಸಂಗಗಳನ್ನು ಕೇಳುತ್ತ ಬಂದಿದ್ದೇನೆ. ರೂತಳ ವಿಧೇಯತೆ, ಹನ್ನಳ ಕಣ್ಣೀರು, ಯೇಸುವಿನ ತಾಯಿ ಮರಿಯಳ ಸಮರ್ಪಣೆ, ಇವು ಮೂರೇ ಸರದಿಯ ಮೇಲೆ ಬರುತ್ತವೆ. ಕೊನೆಗೆ, ನಮ್ಮ ಸಹೋದರಿಯರೂ ಇವರಂತೆ ತಾಳ್ಮೆಯುಳ್ಳವರಾಗಲಿ ಎಂಬ ಹಾರೈಕೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಅರ್ಧ ಸತ್ಯ ಮಾತ್ರವೆಂಬುದು ನನ್ನ ಅಭಿಪ್ರಾಯ. ಉಳಿದರ್ಧವನ್ನು ನಾವು ಓದದೆ ಬಿಟ್ಟಿರುವುದರಿಂದ ನಮ್ಮ ವಿಶ್ವಾಸಕ್ಕೂ ನಮ್ಮ ಮನೆಗಳಿಗೂ ಆಗಿರುವ ನಷ್ಟವನ್ನು ಕುರಿತು ಎರಡು ಮಾತು ಬರೆಯುವ ಧೈರ್ಯ ಮಾಡಿದ್ದೇನೆ. ನಾನು ದೇವಶಾಸ್ತ್ರ ಕಲಿತವಳಲ್ಲ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಈ ಯೋಚನೆ ಹುಟ್ಟಲು ಒಂದು ಕಾರಣವಿದೆ. ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಸೋದರತ್ತೆಯನ್ನು ಊರಿಗೆ ಕರೆಸಿದ್ದರು. ಅಜ್ಜನ ಹೊಲದಲ್ಲಿ ತನಗೆ ಪಾಲು ಬೇಡವೆಂದು ಅವರು ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಹಾಕಬೇಕಾಗಿತ್ತು. ಅತ್ತೆ ವಿಧವೆ, ಇಬ್ಬರು ಮಕ್ಕಳನ್ನು ಹೊಲಿಗೆಯಿಂದ ಸಾಕುತ್ತಿರುವವರು. ಸಹಿಗೆ ಮೊದಲು ಹಿರಿಯರೊಬ್ಬರು ಪ್ರಾರ್ಥನೆ ಮಾಡಿ, ಲೋಕದ ಆಸ್ತಿಗಿಂತ ಒಡಹುಟ್ಟಿದವರ ಪ್ರೀತಿ ದೊಡ್ಡದೆಂದರು. ಅತ್ತೆ ಏನೂ ಆಡಲಿಲ್ಲ; ಸಹಿ ಹಾಕಿ, ಸೆರಗಿನಿಂದ ಬೆರಳಿನ ಶಾಯಿ ಒರೆಸಿಕೊಂಡು, ಅಡಿಗೆ ಮನೆಗೆ ಹೋದರು. ಆ ಹೊಲದ ಫಸಲಿನಿಂದಲೇ ನನ್ನ ಕಾಲೇಜಿನ ಶುಲ್ಕ ಸಲ್ಲುತ್ತಿದೆ. ಆದಕಾರಣ ಈ ವಿಷಯದಲ್ಲಿ ನಾನು ದೂರ ನಿಂತು ಬೆರಳು ತೋರಿಸುವಂತಿಲ್ಲ.

ಆ ರಾತ್ರಿ ಬೈಬಲಿನ ಅರಣ್ಯಕಾಂಡದ 27ನೆಯ ಅಧ್ಯಾಯವನ್ನು ಓದಿದೆ. ಹಿಂದೆಯೂ ಓದಿದ್ದೆ, ಹೆಸರುಗಳ ಪಟ್ಟಿಯೆಂದು ಹಾರಿಸಿದ್ದೆ. ಚಲ್ಪಹಾದನೆಂಬವನಿಗೆ ಗಂಡುಮಕ್ಕಳಿರಲಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐವರು ಹೆಣ್ಣುಮಕ್ಕಳಿದ್ದರು. ತಂದೆ ಅರಣ್ಯದಲ್ಲಿ ತೀರಿಕೊಂಡಿದ್ದ. ವಾಗ್ದಾನದ ದೇಶವನ್ನು ಹಂಚುವಾಗ ಅವನ ಪಾಲು ಯಾರಿಗೂ ಇಲ್ಲದಂತಾಗುವ ಸಂಭವವಿತ್ತು. ಈ ಐವರೂ ಗುಡಾರದ ಬಾಗಿಲಿಗೆ ಬಂದು, ಮೋಶೆ, ಮಹಾಯಾಜಕ, ಕುಲಾಧಿಪತಿಗಳು, ಸಮಸ್ತ ಸಮೂಹ ಇವರೆಲ್ಲರ ಮುಂದೆ ನಿಂತು, ಗಂಡುಮಗನಿಲ್ಲದ ಮಾತ್ರಕ್ಕೆ ತಂದೆಯ ಹೆಸರು ಏಕೆ ಅಳಿಯಬೇಕೆಂದು ಕೇಳಿದರು. ಮೋಶೆಯಂಥ ಮೋಶೆಗೂ ಕೂಡಲೆ ಉತ್ತರ ಹೊಳೆಯಲಿಲ್ಲ. ಅವನು ಅವರನ್ನು ಗದರಿಸಲಿಲ್ಲ. ವ್ಯಾಜ್ಯವನ್ನು ದೇವರ ಮುಂದೆ ಇಟ್ಟನು. ಹೆಣ್ಣುಮಕ್ಕಳು ಆಡಿದ್ದು ನ್ಯಾಯವೆಂದು ದೇವರಿಂದ ಉತ್ತರ ಬಂತು. ಆ ಒಂದು ಪ್ರಶ್ನೆಯಿಂದ ಇಸ್ರಾಯೇಲರ ಕಾನೂನೇ ತಿದ್ದುಪಡಿಯಾಯಿತು.

ಈ ಕಥೆಯನ್ನು ಹಿಗ್ಗಿಸಿ ಹೇಳುವುದು ಸರಿಯಲ್ಲ. ಆ ಹಕ್ಕು ಗಂಡುಮಕ್ಕಳಿಲ್ಲದ ಮನೆಗೆ ಮಾತ್ರ ದೊರೆತದ್ದು. ಅದೇ ಗ್ರಂಥದ 36ನೆಯ ಅಧ್ಯಾಯದಲ್ಲಿ, ಅವರು ತಮ್ಮ ಕುಲದೊಳಗೇ ಮದುವೆಯಾಗಬೇಕೆಂಬ ಕಟ್ಟೂ ಬಿತ್ತು. ಇನ್ನೊಂದು ಸಂಗತಿ ಯೆಹೋಶುವನ ಗ್ರಂಥದ 17ನೆಯ ಅಧ್ಯಾಯದಲ್ಲಿದೆ. ಮೋಶೆ ತೀರಿಕೊಂಡ ಮೇಲೆ ದೇಶವನ್ನು ನಿಜವಾಗಿ ಹಂಚುವ ಕಾಲ ಬಂದಾಗ, ಈ ಐವರು ಮತ್ತೆ ಹೋಗಿ, ಹಿಂದಿನ ಅಪ್ಪಣೆಯನ್ನು ನೆನಪು ಮಾಡಿ ಕೇಳಬೇಕಾಯಿತು. ಹಕ್ಕು ಶಾಸನದಲ್ಲಿ ಇರುವುದು ಬೇರೆ, ಕೈಗೆ ಬರುವುದು ಬೇರೆ ಎಂಬುದು ಅಷ್ಟು ಹಳೆಯ ಮಾತು.

ಅದು ಇಂದಿನ ಮಾತೂ ಹೌದು. 1916ರ ತಿರುವಾಂಕೂರಿನ ಕ್ರೈಸ್ತ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕೇರಳದ ಮೇರಿ ರಾಯ್ ಎಂಬ ಶಿಕ್ಷಕಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ಅಲ್ಲಿನ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುವುದೆಂದು ತೀರ್ಪಾಯಿತು. ತೀರ್ಪಿನ ಮೇಲೂ ತಮ್ಮ ಪಾಲಿಗಾಗಿ ಆಕೆ ಅನೇಕ ವರ್ಷ ಕಾಯಬೇಕಾಯಿತು. ನಮ್ಮಂಥ ಕುಟುಂಬಗಳಿಗೆ ಅನ್ವಯಿಸುವುದೂ ಆ 1925ರ ಕಾಯಿದೆಯೇ. ಅದು ಮಗ, ಮಗಳು ಎಂಬ ಭೇದವನ್ನು ಮಾಡುವುದಿಲ್ಲ. ಅಂದಮೇಲೆ ನಮ್ಮ ಅತ್ತೆಯ ಕೈಯಿಂದ ಸಹಿ ಹಾಕಿಸಿದ್ದು ಕಾನೂನಲ್ಲ; ರೂಢಿ. ಆ ರೂಢಿಗೆ ನಾವು ಭಕ್ತಿಯ ಹೊದಿಕೆ ಹೊದಿಸಿದ್ದೇವೆ. ಹಿಂದೂ ಗೆಳತಿಯರು ತಮ್ಮ ಮನೆಗಳಲ್ಲಿಯೂ ಇದೇ ಕಥೆಯೆನ್ನುತ್ತಾರೆ. ಕರ್ನಾಟಕದಲ್ಲಿ 1994ರಿಂದ, ದೇಶದಲ್ಲೆಲ್ಲ 2005ರಿಂದ ಅವರಿಗೂ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನಿದೆ. ಆದರೂ ಸಹಿಯ ಪತ್ರಗಳು ನಿಂತಿಲ್ಲವಂತೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ, ಅಣ್ಣನಿಂದ ಪಾಲು ಕೊಡಿಸೆಂದು ಒಬ್ಬನು ಕೇಳಿದಾಗ, ಯೇಸು ತಾನು ನ್ಯಾಯಾಧಿಪತಿಯಲ್ಲವೆಂದು ನಿರಾಕರಿಸಿ, ಲೋಭದ ವಿಷಯವಾಗಿ ಎಚ್ಚರಿಸಿದನಲ್ಲವೆ? ನಮ್ಮ ಮನೆಯಲ್ಲಿಯೂ ಅಂದು ಇದೇ ವಚನವನ್ನು ಓದಿದರು. ಇದು ತಳ್ಳಿಹಾಕುವಂಥ ಮಾತಲ್ಲ. ಆಸ್ತಿಯೇ ಬದುಕೆಂದು ತಿಳಿದವನು ಬಡವನೆಂಬುದನ್ನು ನಾನೂ ನಂಬುತ್ತೇನೆ. ಆದರೆ ಲೋಭದ ಎಚ್ಚರಿಕೆ ಕೇಳುವವಳಿಗೆ ಮಾತ್ರವೇಕೆ? ಕೊಡದೆ ಇಟ್ಟುಕೊಂಡವನಿಗೆ ಅದು ಮೊದಲು ತಟ್ಟಬೇಡವೆ? ಅಂದು ಆ ವಚನವನ್ನು ಅತ್ತೆಯ ಕಡೆ ನೋಡಿ ಓದಿದರು. ನನ್ನ ತಂದೆಯ ಕಡೆ ಯಾರೂ ನೋಡಲಿಲ್ಲ.

ಹೀಗೆ ಒಮ್ಮೆ ಕಣ್ಣು ತೆರೆದ ಮೇಲೆ ಇಂಥ ಸ್ತ್ರೀಯರು ಪುಟಪುಟದಲ್ಲಿಯೂ ಕಾಣತೊಡಗಿದರು. ವಿಧೇಯಳೆಂದು ಹೆಸರಾದ ರೂತಳು ಸುಮ್ಮನೆ ಕುಳಿತವಳಲ್ಲ. ಕಣದಲ್ಲಿ ಮಲಗಿದ್ದ ಬೋವಜನ ಬಳಿಗೆ ತಾನೇ ಹೋಗಿ, ಬಂಧುವಿನ ಕರ್ತವ್ಯವನ್ನು ನಡೆಸೆಂದು ಕೇಳಿದವಳು. ಮರಿಯಳು ದೇವದೂತನಿಗೆ ಒಪ್ಪಿಗೆ ಕೊಡುವ ಮೊದಲು, ಇದು ಹೇಗೆ ಸಾಧ್ಯವೆಂದು ಪ್ರಶ್ನೆ ಹಾಕಿದವಳು. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಬರುವ ಅನ್ಯಜನಾಂಗದ ತಾಯಿಯೊಬ್ಬಳು, ಮಗಳಿಗೆ ಹಿಡಿದಿದ್ದ ದೆವ್ವವನ್ನು ಬಿಡಿಸೆಂದು ಬೇಡಿದಾಗ ಯೇಸುವಿನಿಂದಲೇ ಕಠಿಣವಾದ ಮಾತು ಕೇಳಬೇಕಾಯಿತು. ಅವಳು ಹಿಂದಿರುಗಲಿಲ್ಲ, ಆ ಮಾತಿಗೇ ಮಾತು ಕೊಟ್ಟಳು. ಯೇಸು ಆ ಉತ್ತರವನ್ನು ಮೆಚ್ಚಿ ಅವಳ ಬೇಡಿಕೆಯನ್ನು ನಡೆಸಿಕೊಟ್ಟನು. ಎದುರುತ್ತರವನ್ನು ಸ್ವಾಮಿಯೇ ಮೆಚ್ಚಿರುವಾಗ ನಾವು ಅದನ್ನು ಉದ್ಧಟತನವೆನ್ನುವುದು ಹೇಗೆ?

ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂದು ಪೌಲನು ಕೊರಿಂಥದವರಿಗೆ ಬರೆದದ್ದುಂಟು. ಆದರೆ ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಆದರದಿಂದ ಬರಮಾಡಿಕೊಳ್ಳಿರೆಂದು ರೋಮಾಪುರದವರಿಗೆ ಬರೆದವನೂ ಅವನೇ. ಪಂಡಿತನಾದ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿದವರಲ್ಲಿ ಪ್ರಿಸ್ಕಿಲ್ಲಳೂ ಒಬ್ಬಳು. 1947ರಲ್ಲಿ ಏರ್ಪಟ್ಟ ದಕ್ಷಿಣ ಭಾರತ ಸಭೆಯು 2013ರಲ್ಲಿ ಮೊದಲ ಬಾರಿಗೆ ಸ್ತ್ರೀಯೊಬ್ಬರನ್ನು ಬಿಷಪ್ ಪದವಿಗೆ ಏರಿಸಿತು. ಅವರು ನಂದ್ಯಾಲದ ಪುಷ್ಪಲಲಿತಾ ಅವರು. ಇದು ಸಂತೋಷದ ಸಂಗತಿ. ಆದರೆ ಪೀಠದ ಮೇಲೆ ಒಬ್ಬಾಕೆ ಕುಳಿತ ಮಾತ್ರಕ್ಕೆ ಅಡಿಗೆ ಮನೆಗೆ ಹೋದ ನಮ್ಮ ಅತ್ತೆಗೆ ನ್ಯಾಯ ದೊರೆತಂತಾಗಲಿಲ್ಲ.

ಆದುದರಿಂದ ನನ್ನ ಅಭಿಮತವಿಷ್ಟೆ. ತಾಳ್ಮೆ ವಿಶ್ವಾಸದ ಒಂದು ಗುಣವಾದರೆ, ಕೇಳುವುದೂ ಒಂದು ಗುಣ. ದೇವರು ನ್ಯಾಯವಂತನೆಂಬ ಭರವಸೆ ಇದ್ದವರು ಮಾತ್ರ ಅವನ ಬಾಗಿಲಿಗೆ ನ್ಯಾಯ ಕೇಳಲು ಬರುತ್ತಾರೆ; ಭರವಸೆಯಿಲ್ಲದವರು ಮೊದಲೇ ಸುಮ್ಮನಾಗಿರುತ್ತಾರೆ. ಆ ಐವರು ಸಹೋದರಿಯರ ಹೆಸರುಗಳನ್ನು ಮುಂದಿನ ಸ್ತ್ರೀಯರ ಭಾನುವಾರದಂದು ಒಮ್ಮೆ ಓದಿಸಬೇಕೆಂದು ನಮ್ಮ ಸಭಾಪಾಲಕರನ್ನು ಕೇಳಿಕೊಳ್ಳುವವಳಿದ್ದೇನೆ.

ಅದಕ್ಕಿಂತ ಕಷ್ಟದ ಕೆಲಸ ಮನೆಯಲ್ಲಿದೆ. ಈ ಲೇಖನ ಅಚ್ಚಾಗುವುದರೊಳಗೆ ತಂದೆಯವರೊಡನೆ ಕುಳಿತು, ಅತ್ತೆಯ ಪಾಲನ್ನು ಕುರಿತು ಕೇಳಬೇಕೆಂದಿದ್ದೇನೆ. ಅವರು ಸಿಟ್ಟಾಗಬಹುದು. ನನ್ನ ಶುಲ್ಕದ ಲೆಕ್ಕವನ್ನೂ ಎತ್ತಬಹುದು. ಆದರೆ ಅವರು ದಿನವೂ ಬೈಬಲು ಓದುವವರು, ಮನಸ್ಸಿನಲ್ಲಿ ಕೆಟ್ಟವರಲ್ಲ. ಸಮಸ್ತ ಸಮೂಹದ ಮುಂದೆ ಆ ಐವರು ಕೇಳಬಲ್ಲವರಾಗಿದ್ದರೆ, ಒಬ್ಬ ತಂದೆಯ ಮುಂದೆ ಒಬ್ಬ ಮಗಳು ಕೇಳಲಾರಳೆ?