ಆಲೂಗಡ್ಡೆ ಹಾಕಿದ್ರೆ ಒಂದೇ ಸ್ಟಾರಾ?

ಬ್ಯೂನಸ್ ಐರಿಸ್‌ನಲ್ಲಿ ನಮ್ಮ ಮನೆ ಹತ್ತಿರದ ಪುಟ್ಟ ಎಂಪನಾಡಾ ಅಂಗಡಿಗೆ ಯಾರೋ ಒಂದೇ ಸ್ಟಾರ್ ಕೊಟ್ಟಿದ್ದಾರೆ. ಕಾರಣ? ಮಾಂಸದ ಹೂರಣದಲ್ಲಿ ಆಲೂಗಡ್ಡೆ ಇತ್ತಂತೆ! ಅಲ್ಲಾ ಸ್ವಾಮಿ, ಸಾಲ್ಟಾ ಕಡೆ ಆಲೂಗಡ್ಡೆ ಹಾಕೋದೇ ಪದ್ಧತಿ. ಟುಕುಮಾನ್‌ನವರಿಗೆ ಮಾತ್ರ ಅದು ಆಗಲ್ಲ. ನಮ್ಮಲ್ಲಿ ಸಾಂಬಾರಿಗೆ ಬೆಲ್ಲ ಹಾಕಿದ್ರೆ ಮುಖ ಸಿಂಡರಿಸ್ತಾರಲ್ಲ, ಹಾಗೆ. ಹಿಡಿಸಲಿಲ್ಲ ಅನ್ನಿ, ಒಪ್ಕೋತೀನಿ. ‘ಮೋಸ’ ಅಂತ ಬರೆಯೋದ್ಯಾಕೆ?

ಸಸ್ಯಾಹಾರಿಯಾದ ನನ್ನ ತಕರಾರೇ ಬೇರೆ. ಕರ್ಜಿಕಾಯಿ ಥರ ಮಡಚಿದ ಅಂಚು ನೋಡಿಯೇ ಒಳಗೇನಿದೆ ಅಂತ ತಿಳ್ಕೋಬೇಕು. ಒಮ್ಮೆ ಜೋಳದ್ದು ಅಂತ ಕಚ್ಚಿದ್ರೆ ಕೋಳಿ! ಹೋಗಿ ಹೇಳಿದೆ. ಅಂಗಡಿಯ ಅಜ್ಜಿ ದುಡ್ಡು ವಾಪಸ್ ಕೊಟ್ರು. ಅವತ್ತಿಂದ ನನ್ನ ಪೊಟ್ಟಣದ ಮೇಲೆ ಪೆನ್ನಲ್ಲಿ ಬರೆದೇ ಕೊಡ್ತಾರೆ. ಇದನ್ನ ಯಾರೂ ಬರೆದಿಲ್ಲ ನೋಡಿ!

ನಾನು ನಾಲ್ಕು ಸ್ಟಾರ್ ಕೊಟ್ಟೆ. ಅರ್ಧ ಗಂಟೆ ಕಾಯಿಸ್ತಾರೆ, ಅದಕ್ಕೇ ಒಂದು ಕಟ್ :)