ಹರಳು ನಮ್ಮ ಹೊಲದ್ದು, ಲಾಭ ಯಾರದ್ದು?

ರಾಯದುರ್ಗ/ಮಡಕಶಿರಾ: ರಾಯದುರ್ಗದ ಕಡೆ ಶೇಂಗಾ ಅನ್ನಿ, ಮಡಕಶಿರಾ ಕಡೆ ಕಡ್ಲೇಕಾಯಿ ಅನ್ನಿ, ಆ ಹೊಲದ ಅಕ್ಕಡಿ ಸಾಲಿನಲ್ಲಿ ನಿಲ್ಲುವ ಹರಳು ಗಿಡವನ್ನು ಇಲ್ಲಿನ ರೈತ ಬೆಳೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಕಾಣುವ ಸೀಮೆ ಇದು. ಅದೂ ಕೈಕೊಟ್ಟು ಶೇಂಗಾ ಒಣಗಿದರೆ ಹರಳೊಂದು ಉಳಿದುಕೊಳ್ಳುತ್ತದೆ, ಸಂತೆ ಖರ್ಚಿಗಾದರೂ ಆಯ್ತು ಅನ್ನುವಷ್ಟೇ ಅದರ ಮರ್ಯಾದೆ.

ವಿಪರ್ಯಾಸವೆಂದರೆ, ಪೆಟ್ರೋಲಿಯಂ ಬದಲಿಗೆ ಗಿಡದಿಂದ ಏನು ಸಿಗುತ್ತದೆ ಎಂದು ಜಗತ್ತಿನ ದೊಡ್ಡ ಕಾರ್ಖಾನೆಗಳು ಹುಡುಕುವಾಗ ಮೊದಲು ಕೈಯಿಡುವುದು ಇದೇ ಹರಳಿಗೆ.

ಕಾರಣ ಸರಳ. ಹರಳೆಣ್ಣೆಯಲ್ಲಿ ಶೇ 85ರಿಂದ 90ರಷ್ಟು ಇರುವುದು ರಿಸಿನೋಲಿಕ್ ಆಮ್ಲ. ಶೇಂಗಾ, ಸೂರ್ಯಕಾಂತಿ, ತೆಂಗು ಯಾವುದರಲ್ಲೂ ಇದು ಹೀಗೆ ಸಿಗುವುದಿಲ್ಲ. ಇದರಿಂದ ನೈಲಾನ್-11 ಎಂಬ ಗಟ್ಟಿ ಪ್ಲಾಸ್ಟಿಕ್ ತಯಾರಾಗುತ್ತದೆ. 1940ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ಮಾಲು ‘ರಿಲ್ಸಾನ್’ ಹೆಸರಿನಲ್ಲಿ ಇಂದಿಗೂ ಮಾರಾಟವಾಗುತ್ತಿದೆ. ಲಾರಿಯ ಏರ್ ಬ್ರೇಕ್ ಟ್ಯೂಬು, ಕಾರಿನ ಇಂಧನ ಪೈಪು ಇದರಿಂದ ಮಾಡುತ್ತಾರೆ. ಅದನ್ನು ತಯಾರಿಸುವ ಆರ್ಕೆಮಾ ಕಂಪನಿ 2022ರಲ್ಲಿ ಸಿಂಗಪುರದಲ್ಲಿ ಇದಕ್ಕೆಂದೇ ಹೊಸ ಘಟಕ ಶುರು ಮಾಡಿತು. ಹರಳು ಬೆಳೆಯದ ಸಿಂಗಪುರದಲ್ಲಿ!

ಎತ್ತಿನ ಗಾಡಿ ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆ ಹಿರಿಯರಿಗೆ ನೆನಪಿರಬಹುದು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲೆಸಿದರೆ ಆಯಿತು. ಇವತ್ತು ಟ್ರ್ಯಾಕ್ಟರಿಗೆ, ಲಾರಿಗೆ ತುಂಬುವ ಲಿಥಿಯಂ ಗ್ರೀಸ್ ಅದರ ಮೊಮ್ಮಗ ಇದ್ದಂತೆ. ಅದರ ಎಣ್ಣೆ ಭಾಗ ಹೆಚ್ಚಾಗಿ ಪೆಟ್ರೋಲಿಯಂನದೇ ಹೌದು, ಆದರೆ ಅದನ್ನು ಗಟ್ಟಿ ಮಾಡುವ ಸಾಬೂನು ಹರಳೆಣ್ಣೆಯಿಂದ ಬರುತ್ತದೆ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ.

ಬಳ್ಳಾರಿ ಜತೆ ಜೀನ್ಸ್ ಹೊಲಿಗೆಗೆ ಹೆಸರಾದ ರಾಯದುರ್ಗಕ್ಕೆ ಈ ಮಾತು ಇನ್ನೂ ಹತ್ತಿರದ್ದು. ಜೀನ್ಸಿನ ನೀಲಿ ಒಂದು ಕಾಲಕ್ಕೆ ಗಿಡದ್ದೇ ಆಗಿತ್ತು. ಪಕ್ಕದ ಕಡಪ ಸೀಮೆಯಲ್ಲಿ ನೀಲಿ ಗಿಡ ಬೆಳೆಯುತ್ತಿದ್ದರು. ಜರ್ಮನಿಯ ಬಿಎಎಸ್‌ಎಫ್ 1897ರಲ್ಲಿ ಕಾರ್ಖಾನೆ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಆ ಬೇಸಾಯ ನೆಲ ಕಚ್ಚಿತು. ಈಗಿನ ಬಣ್ಣದ ಮೂಲ ಪೆಟ್ರೋಲಿಯಂ. ನೂಲಿಗೆ ಹಾಕುವ ಗಂಜಿಯಲ್ಲೂ ಪೆಟ್ರೋಲಿಯಂ ಮೂಲದ ಪಾಲಿವಿನೈಲ್ ಆಲ್ಕೋಹಾಲ್ ಸೇರುತ್ತದೆ. ಅದೇ ಗಂಜಿ ಕೆಲಸಕ್ಕೆ ಹುಣಸೆ ಬೀಜದ ಹಿಟ್ಟೂ ಆಗುತ್ತದೆ, ಹುಣಸೆಹಣ್ಣಿಗೆ ಹೆಸರಾದ ಹಿಂದೂಪುರ ಮಾರುಕಟ್ಟೆ ಮಡಕಶಿರಾಕ್ಕೆ ಪಕ್ಕದಲ್ಲೇ ಇದೆ. ಇರಲಿ, ನೀಲಿ ಗಿಡ ಮತ್ತೆ ಬರುತ್ತದೆ ಅಂತ ಯಾರೂ ಕನಸು ಕಾಣಬೇಕಿಲ್ಲ. ಹರಳಿನ ಮಾತು ಬೇರೆ, ಅದಕ್ಕೆ ಗಿರಾಕಿ ಈಗಾಗಲೇ ಇದ್ದಾನೆ.

ಗಿರಾಕಿ ಇದ್ದರೂ ದುಡ್ಡು ಎಲ್ಲಿ ಹೋಗುತ್ತಿದೆ ಅನ್ನುವುದೇ ಪ್ರಶ್ನೆ. ಜಗತ್ತಿನ ಹರಳಿನಲ್ಲಿ ಸಿಂಹಪಾಲು ಭಾರತದ್ದು, ಭಾರತದ್ದರಲ್ಲಿ ಸಿಂಹಪಾಲು ಗುಜರಾತಿನದು. ಅಲ್ಲಿ ನೀರುಂಟು, 1968ರಲ್ಲೇ ಜಿಸಿಎಚ್-3 ಹೈಬ್ರಿಡ್ ತಳಿ ಬಂತು, ಗಾಣದಿಂದ ರಫ್ತಿನವರೆಗೆ ಎಲ್ಲವೂ ಅಲ್ಲೇ ಬೆಳೆದು ನಿಂತಿದೆ. ಇಲ್ಲಿ ಮಳೆಯಾಶ್ರಿತ, ಇಳುವರಿ ಕಡಿಮೆ, ಗೊನೆ ಬಿಡುವ ಹೊತ್ತಿಗೆ ಜಡಿಮಳೆ ಹಿಡಿದರೆ ಬೂದು ಬೂಷ್ಟು.

ಇನ್ನು ಲೆಕ್ಕ. ಒಂದು ಕ್ವಿಂಟಲ್ ಹರಳಿಗೆ ಸುಮಾರು 45 ಕೆ.ಜಿ. ಎಣ್ಣೆ, ಉಳಿದದ್ದರಲ್ಲಿ ಹೆಚ್ಚಿನದು ಹಿಂಡಿ. ಹಿಂಡಿಯಲ್ಲಿ ರಿಸಿನ್ ವಿಷ ಇರುವುದರಿಂದ ದನಕ್ಕೆ ಹಾಕುವಂತಿಲ್ಲ, ಗೊಬ್ಬರಕ್ಕೆ ಮಾತ್ರ ಒಳ್ಳೆಯ ಮಾಲು. ಬೀಜವನ್ನು ಹಾಗೇ ಚೀಲ ಕಟ್ಟಿ ಹೊರಗೆ ಕಳಿಸಿದ ರೈತ ಎಣ್ಣೆಯ ಲಾಭವನ್ನೂ ಕಳೆದುಕೊಂಡ, ಹೊಲದ ಸತ್ವವನ್ನೂ ಕಳಿಸಿಕೊಟ್ಟ. ಆಮೇಲೆ ಅದೇ ಹಿಂಡಿಯನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತಾನೆ. ಜಮಾ ಒಂದು ಸಲ, ಖರ್ಚು ಎರಡು ಸಲ. ಇಂಥ ಖಾತೆ ಯಾವ ವ್ಯಾಪಾರಿಯೂ ಇಟ್ಟುಕೊಳ್ಳಲಾರ.

ಮೇಲಿಂದ ಕೇಂದ್ರದ ಕನಿಷ್ಠ ಬೆಂಬಲ ಬೆಲೆ ಪಟ್ಟಿಯಲ್ಲಿ ಶೇಂಗಾ ಇದೆ, ಎಳ್ಳಿದೆ, ಹುಚ್ಚೆಳ್ಳು ಕೂಡ ಇದೆ, ಹರಳು ಇಲ್ಲ. ಬೆಲೆ ಬಿದ್ದರೆ ಹಿಡಿಯುವವರಿಲ್ಲ. 2016ರ ಜನವರಿಯಲ್ಲಿ ದರ ಕುಸಿದು ಎನ್‌ಸಿಡಿಇಎಕ್ಸ್‌ನಲ್ಲಿ ಹರಳಿನ ವಾಯಿದೆ ವಹಿವಾಟನ್ನೇ ನಿಲ್ಲಿಸಬೇಕಾಗಿ ಬಂದದ್ದು ಇಲ್ಲಿನ ಎಷ್ಟು ರೈತರಿಗೆ ಗೊತ್ತಾಗಿದ್ದೀತು?

ಹಾಗಂತ ನಾಳೆಯಿಂದಲೇ ಹೊಲವೆಲ್ಲ ಹರಳು ಹಾಕಿ ಅನ್ನುವುದೂ ಅಪಾಯ. ಜತ್ರೋಫಾ ಕಥೆ ಇನ್ನೂ ಹಳೆಯದಾಗಿಲ್ಲ. ಬರಡು ನೆಲದಲ್ಲಿ ಡೀಸೆಲ್ ಬೆಳೆಯುತ್ತದೆ ಅಂತ ಡಂಗುರ ಸಾರಿದರು. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ಕ್ಕೆ ಶೇ 20 ಮಿಶ್ರಣ ಎಂದಿತು. ಗಿಡ ನೆಟ್ಟರು, ಕಾಯಿ ಬರಲಿಲ್ಲ, ಬಂದದ್ದನ್ನು ಕೊಳ್ಳುವವರೂ ಇರಲಿಲ್ಲ. ಮನೆ ಮುಂದಿನ ಹೊಂಗೆ (ತೆಲುಗರ ಕಾನುಗ, ಮರಾಠಿಗರ ಕರಂಜ) ಬೀಜವನ್ನೇ ಸರಿಯಾಗಿ ಕೊಳ್ಳುವ ವ್ಯವಸ್ಥೆ ಮಾಡದವರು ಹೊರಗಿನ ಗಿಡ ತಂದು ನೆಟ್ಟಿದ್ದೇ ತಪ್ಪು. ಗಾಣ ಮೊದಲು ಬರಬೇಕು, ಗಿಡ ಆಮೇಲೆ.

ಪಕ್ಕದ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆ ಸೋಲಾರ್ ಪಾರ್ಕಿಗೆ ಹೋಗಿ, ಜಮೀನುದಾರರಿಗೆ ಎಕರೆಗೆ ಇಷ್ಟು ಅಂತ ವರ್ಷದ ಬಾಡಿಗೆ ಸಿಗುತ್ತಿದೆ. ಮಡಕಶಿರಾದ ಇನ್ನೊಂದು ಮಗ್ಗುಲಿಗೆ ಪೆನುಕೊಂಡ ಬಳಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಹರಳಿನ ಪೈಪು ಬೇಕಾಗುವ ಉದ್ಯಮ ಮನೆ ಬಾಗಿಲಿಗೇ ಬಂದು ಕೂತಿದೆ. ಇಲ್ಲಿ ನೈಲಾನ್ ಕಾರ್ಖಾನೆ ಹಾಕಿ ಅಂತ ಯಾರೂ ಕೇಳುತ್ತಿಲ್ಲ. ರೈತ ಉತ್ಪಾದಕ ಸಂಘಕ್ಕೊಂದು ಎಣ್ಣೆ ಗಾಣ, ಹೈದರಾಬಾದಿನ ಭಾರತೀಯ ಎಣ್ಣೆಬೀಜ ಸಂಶೋಧನಾ ಸಂಸ್ಥೆಯಿಂದ ಒಳ್ಳೆಯ ಬಿತ್ತನೆ ಬೀಜ, ಎಣ್ಣೆಗೆ ಮುಂಗಡ ಒಪ್ಪಂದ, ಇಷ್ಟಕ್ಕೆ ಕೋಟಿಗಟ್ಟಲೆ ಬೇಕಾಗಿಲ್ಲ.

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ರಾಯದುರ್ಗ ಆಂಧ್ರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಈಗ ಇಬ್ಬರು ಜಿಲ್ಲಾಧಿಕಾರಿಗಳು, ಎರಡು ಕೃಷಿ ಕಚೇರಿ. ಕನ್ನಡ ಶಾಲೆಯಲ್ಲಿ ಓದಿದ ರೈತ ತೆಲುಗು ಮಾತಾಡುತ್ತಾನೆ ನಿಜ, ಸುತ್ತೋಲೆ ಓದಬೇಕೆಂದರೆ ಮಗನನ್ನೋ ಮೊಮ್ಮಗಳನ್ನೋ ಕರೆಯಬೇಕು. ಮುಂದಿನ ಮುಂಗಾರಿಗೆ ಮೊದಲು ಎರಡೂ ಕಡೆಯ ರೈತ ಸೇವಾ ಕೇಂದ್ರಗಳು ಒಂದು ಕೆಲಸ ಮಾಡಲಿ: ಗುಜರಾತಿನ ಡೀಸಾ, ಪಾಟಣ ಮಾರುಕಟ್ಟೆಗಳ ಹರಳಿನ ದರವನ್ನು ದಿನಾ ಬೋರ್ಡಿನ ಮೇಲೆ ಬರೆಯಲಿ, ತೆಲುಗಿನ ಕೆಳಗೆ ಕನ್ನಡದಲ್ಲೂ. ಊರಿಗೆ ಬರುವ ದಲ್ಲಾಳಿ ಎಷ್ಟು ಬಿಟ್ಟು ಕೇಳುತ್ತಿದ್ದಾನೆ ಅನ್ನುವುದು ಮೊದಲ ವಾರದಲ್ಲೇ ತಿಳಿಯುತ್ತದೆ.