ಬಿಸಿಲುಕೋಲಿನ ಧೂಳನ್ನೂ ಒರೆಸಬೇಕೆ?

ಟಿವಿಯಲ್ಲಿ ‘ಕಾಗಜ್ ಕೆ ಫೂಲ್’ ಹಾಕಿದ ದಿನ ಅಮ್ಮ ಕೇಳಿದ ಮೊದಲ ಮಾತು: “ಮೇಲೆ ಕೆಳಗೆ ಯಾಕೋ ಕಪ್ಪುಪಟ್ಟಿ? ಚಿತ್ರ ದೊಡ್ಡದು ಮಾಡಕ್ಕೆ ಬರಲ್ವಾ?” ರಿಮೋಟಿನಲ್ಲಿ ಜೂಮ್ ಒತ್ತಿದೆ. ಪಟ್ಟಿ ಹೋಯಿತು, ಮುಖಗಳು ದೊಡ್ಡದಾದವು. ಆದರೆ ಖಾಲಿ ಸ್ಟುಡಿಯೋದಲ್ಲಿ ಗುರುದತ್ ಮತ್ತು ವಹೀದಾ ದೂರ ದೂರ ನಿಲ್ಲುವ ದೃಶ್ಯ ಬಂದಾಗ ಅವರ ನಡುವಿನ ಆ ದೂರವೇ ಮಾಯವಾಗಿತ್ತು. ಜೂಮ್ ತೆಗೆದೆ. ಅಮ್ಮ ಏನೂ ಹೇಳದೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

ಅವಳ ಅಹವಾಲನ್ನು ತಳ್ಳಿಹಾಕುವಂತಿಲ್ಲ. 2.35ಕ್ಕೆ 1ರ ಅಳತೆಯ ಸಿನಿಮಾಸ್ಕೋಪ್ ಚಿತ್ರವನ್ನು 16:9ರ ಟಿವಿಯಲ್ಲಿ ಪೂರ್ತಿ ತೋರಿಸಿದರೆ ಪರದೆಯ ಕಾಲುಭಾಗದಷ್ಟು ಕಪ್ಪಾಗಿಯೇ ಉಳಿಯುತ್ತದೆ. ಪರದೆ ತುಂಬಿಸಿದರೆ ಚಿತ್ರದ ಅಷ್ಟೇ ಭಾಗ ಅಕ್ಕಪಕ್ಕದಲ್ಲಿ ಕತ್ತರಿಸಿಹೋಗುತ್ತದೆ. ಚಿಕ್ಕ ಟಿವಿ, ಮಂಜಾದ ಕಣ್ಣು ಇರುವ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೂ ನಾನು ಕಪ್ಪುಪಟ್ಟಿಯ ಕಡೆಗೇ. ಬೇಕಾದವರು ಮನೆಯಲ್ಲಿ ಜೂಮ್ ಮಾಡಿಕೊಳ್ಳಬಹುದು, ಡಿಸ್ಕ್ ಮಾಡುವಾಗಲೇ ಕತ್ತರಿಸಿಬಿಟ್ಟರೆ ಕಳೆದದ್ದು ಯಾರಿಗೂ ಸಿಗುವುದಿಲ್ಲ.

ನಿಜವಾಗಿ ಕಷ್ಟದ ಪ್ರಶ್ನೆ ಹಳೆಯ ರೀಲನ್ನು ಸ್ವಚ್ಛ ಮಾಡುವುದರದು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ನಿರ್ದೇಶಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಮೂರ್ತಿ ಸ್ಟುಡಿಯೋದ ಕತ್ತಲೆಗೆ ಒಂದು ಬಿಸಿಲುಕೋಲು ಇಳಿಸಿದರು. ಗಾಳಿಯಲ್ಲಿ ಧೂಳಿದ್ದರೇ ಬಿಸಿಲುಕೋಲು ಕಣ್ಣಿಗೆ ಕಾಣುವುದು. ಈಗ ಕಂಪ್ಯೂಟರ್ ಮಾಡುವ ಕೆಲಸ ನೋಡಿ: ಹಿಂದಿನ ಫ್ರೇಮಿನಲ್ಲೂ ಮುಂದಿನದರಲ್ಲೂ ಇಲ್ಲದ ಚುಕ್ಕೆ ಕಂಡರೆ ಅದನ್ನು ಕೊಳೆಯೆಂದು ತಿಳಿದು ಅಳಿಸುತ್ತದೆ. ರೀಲಿಗೆ ಮೆತ್ತಿದ ಧೂಳು ಯಾವುದು, ಮೂರ್ತಿಯವರ ಬೆಳಕಿನಲ್ಲಿ ಹಾರುವ ಧೂಳು ಯಾವುದು ಎಂದು ಅದಕ್ಕೆ ತಿಳಿಯದು. ಪ್ರತಿ ಫ್ರೇಮಿನ ಮುಂದೆ ಕಣ್ಣುಳ್ಳ ಒಬ್ಬರು ಕೂರಬೇಕು, ಅದಕ್ಕೆ ದಿನಗಳೂ ಬೇಕು, ದುಡ್ಡೂ ಬೇಕು.

ಗ್ರೇನ್ ವಿಷಯವೂ ಹೀಗೆಯೇ. ಪರದೆಯ ಮೇಲೆ ಸಣ್ಣಗೆ ಕುದಿಯುವ ಆ ಕಣಗಳು ಕೊಳೆಯಲ್ಲ, ಚಿತ್ರ ಮೂಡಿರುವುದೇ ಅವುಗಳಿಂದ. 1970ರ ‘ಪ್ಯಾಟನ್’ ಅಗಲ ಫಿಲ್ಮಿನಲ್ಲಿ ತೆಗೆದ ಅತಿ ಸ್ಪಷ್ಟ ಚಿತ್ರ. 2008ರ ಬ್ಲೂ-ರೇಯಲ್ಲಿ ಗ್ರೇನ್ ಒರೆಸಲು ಹೋಗಿ ನಟರ ಮುಖಗಳು ಮೇಣದ ಬೊಂಬೆಗಳಂತಾದವು. 2012ರಲ್ಲಿ ಮತ್ತೊಂದು ಡಿಸ್ಕ್ ತರಬೇಕಾಯಿತು.

ಹಾಗೆಂದು ಏನನ್ನೂ ಮುಟ್ಟಬೇಡಿ ಎನ್ನುವವರ ವಾದವೂ ಪೂರ್ತಿ ನಿಲ್ಲುವುದಿಲ್ಲ. ಟಾಕೀಸಿಗೆ ಬರುತ್ತಿದ್ದುದು ಪ್ರತಿಯ ಪ್ರತಿಯ ಪ್ರತಿ. ಮೂಲ ನೆಗೆಟಿವಿನ ಹರಿತ ಅಲ್ಲಿಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು, ಬಣ್ಣ ಹಚ್ಚುವವರೂ ಸೆಟ್ ಕಟ್ಟುವವರೂ ಅದನ್ನು ನಂಬಿಯೇ ಕೆಲಸ ಮಾಡುತ್ತಿದ್ದರು. ನೆಗೆಟಿವನ್ನೇ 4ಕೆಯಲ್ಲಿ ಸ್ಕ್ಯಾನ್ ಮಾಡಿದರೆ ವಿಗ್ಗಿನ ಅಂಚೂ ಕಾಣುತ್ತದೆ. ಅಂದಿನ ಪ್ರೇಕ್ಷಕರು ಅದನ್ನು ಕಂಡೇ ಇರಲಿಲ್ಲ. ತುಸು ಮೆದುಗೊಳಿಸಿದರೆ ಅಪಚಾರವೆಂದು ನನಗನ್ನಿಸುವುದಿಲ್ಲ.

ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯಲ್ಲಿ ಈ ತಕರಾರು ಕಥೆಯ ಒಳಗೇ ಹೊಕ್ಕಿದೆ. 35 ಎಂಎಂನಲ್ಲಿ ಚಿತ್ರೀಕರಿಸಿ 70 ಎಂಎಂಗೆ ಹಿಗ್ಗಿಸಿದ್ದ ಆ ಚಿತ್ರದ ಮೂಲ ನೆಗೆಟಿವ್ ತೀರಾ ಹಾಳಾಗಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಉಳಿದ ರೀಲುಗಳನ್ನು ಹುಡುಕಿ ಪುನರುಜ್ಜೀವನಗೊಳಿಸಿ, 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಪ್ರದರ್ಶಿಸಿತು. ತುರ್ತುಪರಿಸ್ಥಿತಿಯ ಸೆನ್ಸಾರ್ ತೆಗೆಸಿದ್ದ ಅಂತ್ಯ ಅದರಲ್ಲಿ ಮರಳಿತು: ಪೊಲೀಸರು ಬಂದು ತಡೆಯುವುದಿಲ್ಲ, ಠಾಕೂರನೇ ಗಬ್ಬರನನ್ನು ಕೊಲ್ಲುತ್ತಾನೆ. ನಿರ್ದೇಶಕರು ಮೊದಲು ತೆಗೆದಿದ್ದ ಅಂತ್ಯ ಇದೇ, ಅದು ಅವರಿಗೆ ಸಲ್ಲಬೇಕು. ಆದರೆ ಐವತ್ತು ವರ್ಷ ಜನ ಬಾಯಿಪಾಠ ಮಾಡಿಕೊಂಡದ್ದು ಪೊಲೀಸರು ಬರುವ ಶೋಲೆಯನ್ನು. ಅದು ಸೆನ್ಸಾರಿನ ಒತ್ತಾಯದ ಕೂಸೇ ಇರಬಹುದು, ಆ ಕಾಲ ಹೇಗಿತ್ತು ಎಂಬುದಕ್ಕೆ ಸಾಕ್ಷಿಯೂ ಅದೇ. ಮನೆಗೆ ಬರುವ ಪ್ರತಿಯಲ್ಲಿ ಎರಡೂ ಅಂತ್ಯಗಳು ಇರಲಿ, ಯಾವುದು ಯಾವಾಗಿನದು ಎಂದು ಚಿತ್ರದ ಆರಂಭದಲ್ಲೇ ಬರೆದಿರಲಿ.